ಬಿಎಸ್ಸಿ ಮ್ಯಾಥ್ಸ್ ಆದ್ಮೇಲೆ ಫೈನಾನ್ಶಿಯಲ್ ಮ್ಯಾಥಮೆಟಿಕ್ಸ್ ಓದಬಹುದಾ? ಮುಂದೆ ನಿಜವಾಗಿ ಎಂಥ ಕೆಲಸ ಸಿಗುತ್ತೆ?

ಕಾಫಿಹೂ_ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಬಿಎಸ್ಸಿ ಕೊನೇ ವರ್ಷ ಓದ್ತಿದೀನಿ, ಮ್ಯಾಥ್ಸ್ ಮತ್ತೆ ಕಂಪ್ಯೂಟರ್ ಸೈನ್ಸ್. ಮನೆ ಸಕಲೇಶಪುರದ ಹತ್ರ, ಆರು ಎಕರೆ ರೋಬಸ್ಟಾ ತೋಟ, ಮರಕ್ಕೆ ಮೆಣಸು ಹಬ್ಬಿಸಿದೀವಿ. ಅಪ್ಪ ದಿನಾ ಸಾಯಂಕಾಲ ಫೋನಲ್ಲಿ ಲಂಡನ್ ಟರ್ಮಿನಲ್ ರೇಟ್ ನೋಡ್ತಾರೆ, ಚಿಕ್ಕವಳಿದ್ದಾಗಿಂದ ನೋಡ್ತಾ ಬಂದಿದೀನಿ, ಅದೇನು ಅಂತ ಮಾತ್ರ ಕೇಳಿರಲಿಲ್ಲ. 2024ರ ಸೆಪ್ಟೆಂಬರಲ್ಲಿ ರೋಬಸ್ಟಾ ಟನ್ನಿಗೆ 5000 ಡಾಲರಿಗಿಂತ ಮೇಲಿದ್ದಾಗ ಊರಲ್ಲೆಲ್ಲ ಅದೇ ಮಾತು. ನಮ್ಮದು ಆ ವರ್ಷ ಮಾರ್ಚಲ್ಲೇ ಮಾರಿ ಆಗಿತ್ತು, ನನ್ನ ಫೀಸು ತಮ್ಮನ ಫೀಸು ಎರಡೂ ಒಟ್ಟಿಗೆ ಬಂದಿದ್ವು, ಇಟ್ಕೊಂಡು ಕೂರೋ ಹಾಗಿರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ, ಆದ್ರೆ ಅವತ್ತು ರಾತ್ರಿ ಊಟ ಮಾಡದೆ ಮಲಗಿದ್ರು.

ಆಮೇಲೆ ಈ ಫ್ಯೂಚರ್ಸ್, ಆಪ್ಷನ್ಸ್ ಅಂದ್ರೆ ಏನು ಅಂತ ಓದೋಕೆ ಶುರು ಮಾಡಿದೆ. ಫ್ಯೂಚರ್ಸ್ ಅಂದ್ರೆ ಮುಂದೆ ಕೊಡೋ ಸರಕಿಗೆ ಇವತ್ತೇ ರೇಟ್ ಕಟ್ಟೋ ಒಪ್ಪಂದ, ಅಪ್ಪ ನೋಡೋ ಲಂಡನ್ ರೇಟ್ ಇದೇ; ಆಪ್ಷನ್ ಅಂದ್ರೆ ಮೊದಲೇ ಗೊತ್ತು ಮಾಡಿದ ರೇಟಿಗೆ ಕೊಳ್ಳೋ ಇಲ್ಲಾ ಮಾರೋ ಹಕ್ಕು. ನಮ್ಮ ಕಾಲೇಜಿನ ಸರ್ ಒಬ್ರು ಇದಕ್ಕೇ ಫೈನಾನ್ಶಿಯಲ್ ಮ್ಯಾಥಮೆಟಿಕ್ಸ್ ಅಂತ ಒಂದು ದೊಡ್ಡ ಸಬ್ಜೆಕ್ಟೇ ಇದೆ ಅಂದ್ರು. ಈಗ ಅದೇ ತಲೇಲಿ ಕೂತಿದೆ. ಆದ್ರೆ ಯಾರನ್ನ ಕೇಳಿದ್ರೂ ಬೇರೆ ಬೇರೆ ಹೇಳ್ತಾರೆ, ಒಬ್ರು ಎಂಬಿಎ ಮಾಡು ಅಂತಾರೆ, ಇನ್ನೊಬ್ರು ಬಿಎಡ್ ಮಾಡಿ ಟೀಚರ್ ಆಗು ಸೇಫ್ ಅಂತಾರೆ, ನೆಂಟರೊಬ್ರು ಅದು ಷೇರ್ ಮಾರ್ಕೆಟ್ ಜೂಜು ಹೆಣ್ಮಕ್ಕಳಿಗೆ ಯಾಕೆ ಅಂದ್ರು. ನಾನು ಕಾಮರ್ಸ್ ಓದಿಲ್ಲ, ಡೆಬಿಟ್ ಕ್ರೆಡಿಟ್ ಕೂಡ ಗೊತ್ತಿಲ್ಲ. ಇಲ್ಲೇ ಓದಬಹುದಾ ಹೊರದೇಶಕ್ಕೇ ಹೋಗಬೇಕಾ, ಸಾಲ ಮಾಡೋಷ್ಟು ಬೆಲೆ ಇದೆಯಾ, ಓದಿ ಮುಗಿಸಿದವರು ದಿನಾ ಆಫೀಸಲ್ಲಿ ಕೂತು ನಿಜವಾಗಿ ಏನ್ ಮಾಡ್ತಾರೆ? ಈ ಫೀಲ್ಡಲ್ಲಿ ಇರೋರು ದಯವಿಟ್ಟು ಹೇಳಿ.

ಮಾಡೆಲ್_ಪರೀಕ್ಷೆ_ಬೆಂಗಳೂರು

ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು, ಯಾಕಂದ್ರೆ ಹೆಚ್ಚಿನವರು "ಪ್ಯಾಕೇಜ್ ಎಷ್ಟು" ಅಂತ ಶುರು ಮಾಡ್ತಾರೆ, ನೀವು ಅಪ್ಪನ ಟರ್ಮಿನಲ್ ರೇಟಿಂದ ಶುರು ಮಾಡಿದೀರಿ. ಈ ಸಬ್ಜೆಕ್ಟ್ ಹುಟ್ಟಿದ್ದೇ ಆ ಥರದ ಪ್ರಶ್ನೆಯಿಂದ.

ನಾನು ಹನ್ನೊಂದು ವರ್ಷದಿಂದ ಬೆಂಗಳೂರಲ್ಲಿ ಒಂದು ವಿದೇಶಿ ಬ್ಯಾಂಕಿನ ರಿಸ್ಕ್ ಟೀಮಲ್ಲಿ ಇದೀನಿ, ಕೆಲಸದ ಹೆಸರು ಮಾಡೆಲ್ ವ್ಯಾಲಿಡೇಶನ್. ಅಂದ್ರೆ ಏನು: ಟ್ರೇಡಿಂಗ್ ಡೆಸ್ಕಿನವರು ಒಂದು ಆಪ್ಷನ್‌ಗೆ ಬೆಲೆ ಕಟ್ಟೋಕೆ ಒಂದು ಸೂತ್ರ, ಒಂದು ಪ್ರೋಗ್ರಾಂ ಬರೀತಾರೆ. ಅದನ್ನ ಬರೆದವರೇ ಸರಿ ಇದೆ ಅಂದ್ರೆ ಸಾಲದು, ಅವರಿಗೆ ಸಂಬಂಧ ಇಲ್ಲದ ಇನ್ನೊಂದು ಟೀಮ್ ಕೂತು ಲೆಕ್ಕ ಮತ್ತೆ ಮೊದಲಿಂದ ಮಾಡಿ, ಎಲ್ಲಿ ಮುರಿಯುತ್ತೆ ಅಂತ ಹುಡುಕಿ, ಬರೆದು ಕೊಡಬೇಕು. 2008ರ ಬ್ಯಾಂಕ್ ಬಿಕ್ಕಟ್ಟಿನ ಪೆಟ್ಟಿನ ನಂತರ ಇದು ದೊಡ್ಡ ಕೆಲಸವಾಯ್ತು, 2011ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಇದಕ್ಕೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸ್ತು, ಅದಾದ ಮೇಲೆ ಬೆಂಗಳೂರು, ಮುಂಬೈ ಆಫೀಸುಗಳಲ್ಲಿ ಈ ಕೆಲಸಕ್ಕೆ ತುಂಬಾ ಜನ ಬೇಕಾದ್ರು. ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲೇ ಬೆಂಗಳೂರಿಗೆ ಬಂದಿತ್ತು, ಈಗ ಔಟರ್ ರಿಂಗ್ ರೋಡಲ್ಲಿ ಒಂದು ಸುತ್ತು ಹೊಡೆದ್ರೆ ದೊಡ್ಡ ದೊಡ್ಡ ಬ್ಯಾಂಕುಗಳ ಬೋರ್ಡ್ ಸಾಲಾಗಿ ಕಾಣುತ್ತೆ. ಅಲ್ಲೆಲ್ಲ ಗಣಿತದವರು ಕೂತು ಮಾಡೋ ಕೆಲಸ ಹೆಚ್ಚಾಗಿ ಇದೇ ಥರದ್ದು: ಮಾರ್ಕೆಟ್ ರಿಸ್ಕ್, ಕ್ರೆಡಿಟ್ ರಿಸ್ಕ್, ಬೆಲೆ ಕಟ್ಟೋ ಮಾಡೆಲ್ ಬರೆಯೋದು, ಪರೀಕ್ಷಿಸೋದು. ಸಿನಿಮಾದಲ್ಲಿ ತೋರಿಸೋ ಹಾಗೆ ಆರು ಸ್ಕ್ರೀನ್ ಮುಂದೆ ಕಿರುಚೋ ಕೆಲಸ ಅಲ್ಲ. ಅಂಥ ಟ್ರೇಡಿಂಗ್ ಕ್ವಾಂಟ್ (ಗಣಿತದಿಂದ ಟ್ರೇಡಿಂಗ್ ನಡೆಸೋರು) ಸೀಟುಗಳೂ ಇವೆ, ಆದ್ರೆ ಕಮ್ಮಿ, ಅವಕ್ಕೆ ಐಐಟಿ, ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಕಡೆಯವರೇ ಹೆಚ್ಚು ಮುಗಿಬೀಳ್ತಾರೆ.

ಒಂದು ದಿನದ ಕತೆ ಹೇಳ್ತೀನಿ, ಈ ಕೆಲಸ ಯಾಕೆ ನನಗೆ ಇಷ್ಟ ಅಂತ ಗೊತ್ತಾಗುತ್ತೆ. 2020ರ ಏಪ್ರಿಲ್ 20, ಲಾಕ್‌ಡೌನ್, ಮನೇಲಿ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೆ. ನಮ್ಮ ಮಧ್ಯರಾತ್ರಿ ಹೊತ್ತಿಗೆ ಅಮೆರಿಕದ ಕಚ್ಚಾ ತೈಲದ ಮೇ ತಿಂಗಳ ಫ್ಯೂಚರ್ಸ್ ಸೊನ್ನೆಗೆ ಬಂತು, ಅಲ್ಲೂ ನಿಲ್ಲದೆ ಕೆಳಗೆ ಹೋಯ್ತು, ಬ್ಯಾರೆಲ್ಲಿಗೆ ಮೈನಸ್ 37.63 ಡಾಲರಿಗೆ ಸೆಟ್ಲ್ ಆಯ್ತು. ಎಣ್ಣೆ ಇಟ್ಟುಕೊಳ್ಳೋಕೆ ಜಾಗ ಇಲ್ಲ, ಅದಕ್ಕೆ ತಗೊಂಡು ಹೋಗಿ ಅಂತ ಮಾರೋನೇ ದುಡ್ಡು ಕೊಡೋ ಪರಿಸ್ಥಿತಿ. ನಮ್ಮ ದೇಶದ ಸರಕು ಎಕ್ಸ್‌ಚೇಂಜ್ ಎಂಸಿಎಕ್ಸ್‌ನಲ್ಲೂ ಏಪ್ರಿಲ್ ಕಾಂಟ್ರಾಕ್ಟ್ ಮೈನಸ್ 2884 ರೂಪಾಯಿಗೆ ಸೆಟ್ಲ್ ಆಯ್ತು. ಈಗ ಗಣಿತ ನೋಡಿ: ಇಂಥ ಆಪ್ಷನ್‌ಗಳಿಗೆ ಎಲ್ಲರೂ ಬಳಸ್ತಿದ್ದ ಬ್ಲ್ಯಾಕ್ ಮಾಡೆಲಲ್ಲಿ ಬೆಲೆಯ ಲಾಗ್ ತಗೋತಾರೆ. ಮೈನಸ್ ಸಂಖ್ಯೆಗೆ ಲಾಗ್ ಎಲ್ಲಿಂದ ತರೋದು? ಮಾಡೆಲ್ ಅಲ್ಲೇ ನಿಂತು ಹೋಯ್ತು. ಎರಡೇ ದಿನದಲ್ಲಿ ಶಿಕಾಗೋದ ಸಿಎಂಇ ಎಕ್ಸ್‌ಚೇಂಜ್ ಬ್ಯಾಶಲ್ಯೆ ಮಾಡೆಲ್‌ಗೆ ಬದಲಾಯಿಸ್ತು. ಆ ಲೂಯಿ ಬ್ಯಾಶಲ್ಯೆ ಯಾರು ಅಂದ್ರೆ, 1900ರಲ್ಲಿ ಪ್ಯಾರಿಸಲ್ಲಿ ಪಿಎಚ್‌ಡಿ ಥೀಸಿಸ್ ಬರೆದವನು, ಗಣಿತಜ್ಞ ಪೋಂಕರೆ ಕೈಕೆಳಗೆ. ಅವನ ಲೆಕ್ಕದಲ್ಲಿ ಬೆಲೆ ಸೊನ್ನೆಗಿಂತ ಕೆಳಗೂ ಹೋಗಬಹುದು, ಅದು ಆ ಮಾಡೆಲಿನ ದೊಡ್ಡ ದೋಷ ಅಂತ ನಮಗೆ ಕ್ಲಾಸಲ್ಲಿ ಪಾಠ ಮಾಡಿದ್ರು. 120 ವರ್ಷ ಆದ್ಮೇಲೆ ಅದೇ ದೋಷವೇ ಕಾಪಾಡ್ತು. ಅವತ್ತು ರಾತ್ರಿ ಹಳೇ ನೋಟ್ಸ್ ಹುಡುಕಿ ತೆಗೆದು ಬೆಳಗಿನ ಜಾವದ ತನಕ ಲೆಕ್ಕ ಹಾಕಿದ್ದು ಇನ್ನೂ ನೆನಪಿದೆ. ಸೂತ್ರ ಬಾಯಿಪಾಠ ಮಾಡಿದವರು ಅವತ್ತು ಏನೂ ಮಾಡೋಕಾಗಲಿಲ್ಲ, ಸೂತ್ರ ಎಲ್ಲಿಂದ ಬಂತು ಅಂತ ಗೊತ್ತಿದ್ದವರು ಮಾತ್ರ ಕೆಲಸ ಮುಂದುವರಿಸಿದ್ರು.

ಹಾಗಾಗಿ ಡಿಗ್ರಿ ಹೆಸರಲ್ಲಿ "ಫೈನಾನ್ಸ್" ಇರಲೇಬೇಕು ಅಂತ ಹುಡುಕಬೇಡಿ. ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ, ಡಿಫರೆನ್ಶಿಯಲ್ ಈಕ್ವೇಶನ್ಸ್, ಪೈಥಾನ್, ಇವು ಗಟ್ಟಿ ಇರಲಿ. ಡೆಬಿಟ್ ಕ್ರೆಡಿಟ್ ನಾನೂ ಕೆಲಸಕ್ಕೆ ಸೇರಿದ ಮೇಲೇ ಕಲಿತಿದ್ದು.

ಸಂಖ್ಯಾಶಾಸ್ತ್ರ_ಧಾರವಾಡ

ತಂಗಿ, ನಾ ಧಾರವಾಡದಾಗ ಸ್ಟ್ಯಾಟಿಸ್ಟಿಕ್ಸ್ ಕಲಸ್ತೀನಿ, ಓದೋ ದಾರಿ ಬಗ್ಗೆ ಅಷ್ಟ ಹೇಳ್ತೀನಿ. ನಮ್ಮ ರಾಜ್ಯದಾಗ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಧಾರವಾಡ, ಮೈಸೂರು, ಮಂಗಳೂರು, ಬೆಂಗಳೂರು ಎಲ್ಲಾ ಕಡೆ ಅದ, ಫೀಸೂ ಸರ್ಕಾರಿ ಲೆಕ್ಕದಾಗ ಇರ್ತದ. ಇದನ್ನ ಸಣ್ಣದು ಅಂತ ತಿಳೀಬ್ಯಾಡ, ನನ್ನ ವಿದ್ಯಾರ್ಥಿಗಳು ಇಲ್ಲಿಂದನ ಹೋಗಿ ಬೆಂಗಳೂರು ಬ್ಯಾಂಕುಗಳ ರಿಸ್ಕ್ ಟೀಮಿನ್ಯಾಗ ಕೂತಾರ. ಆದ್ರ ಅದಕಿಂತ ಮೊದಲ ಎರಡು ಪರೀಕ್ಷೆ ಬರೀಲಿಕ್ಕೇ ಬೇಕು. ಒಂದು ಐಐಟಿ ಜ್ಯಾಮ್, ಐಐಟಿಗಳಾಗ ಎಂಎಸ್ಸಿ ಸೇರಲಿಕ್ಕೆ ಬರಿಯೋ ಪರೀಕ್ಷೆ, ಸಾಮಾನ್ಯವಾಗಿ ಫೆಬ್ರವರಿಯಾಗ ಇರ್ತದ, ಮ್ಯಾಥಮೆಟಿಕ್ಸ್ ಪೇಪರೂ ಅದ, ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪೇಪರೂ ಅದ, ನಿನಗ ಎರಡೂ ಹೊಂದ್ತಾವ. ಇನ್ನೊಂದು ಐಎಸ್‌ಐ ಎಂಟ್ರೆನ್ಸ್. ಐಎಸ್‌ಐದಾಗ ಟ್ಯೂಷನ್ ಫೀಸ್ ಇಲ್ಲ, ಮ್ಯಾಲ ತಿಂಗಳಾ ಸ್ಟೈಪೆಂಡ್ ಕೊಡ್ತಾರ. ಎಷ್ಟೋ ಹಳ್ಳಿ ಹುಡುಗ್ರಿಗೆ ಈ ಮಾತ ಗೊತ್ತಿಲ್ಲ, ಅದಕ್ಕ ನಾ ಎಲ್ಲಿ ಹ್ವಾದ್ರೂ ಇದನ್ನ ಹೇಳ್ತಿರ್ತೀನಿ. ಬೆಂಗಳೂರು ಮೈಸೂರು ರೋಡಿನ್ಯಾಗನ ಅವರ ಸೆಂಟರ್ ಅದ, ಅಲ್ಲೆ ಎಂ.ಮ್ಯಾಥ್ ನಡೀತದ, ಎಂ.ಸ್ಟ್ಯಾಟ್‌ಗೆ ಕೋಲ್ಕತ್ತಾ. ಪ್ರಶ್ನೆ ಕಠಿಣ ಇರ್ತಾವ, ಖರೇ, ಆದ್ರ ಹಳೇ ಪೇಪರ್ ಅವರ ವೆಬ್‌ಸೈಟಿನ್ಯಾಗ ಸಿಗ್ತಾವ, ದಿನಾ ಎರಡು ಬಿಡಿಸು.

ಫೈನಾನ್ಸ್ ಭಾಗ ಕಲೀಲಿಕ್ಕೆ ದುಡ್ಡು ಖರ್ಚ್ ಮಾಡಬ್ಯಾಡ ಈಗ. ಎನ್‌ಪಿಟೆಲ್ ಅನ್ನೋ ಆನ್‌ಲೈನ್ ಪಾಠದ ತಾಣದಾಗ ಐಐಟಿ ಗುವಾಹಟಿಯವ್ರು ಮ್ಯಾಥಮೆಟಿಕಲ್ ಫೈನಾನ್ಸ್ ಅಂತ ಪೂರ್ತಿ ಕೋರ್ಸ್ ಹಾಕ್ಯಾರ, ಪುಕ್ಕಟೆ. ಬೈನಾಮಿಯಲ್ ಟ್ರೀ (ಹೆಜ್ಜಿ ಹೆಜ್ಜಿಗೂ ಬೆಲೆ ಒಂದೋ ಏರ್ತದ ಇಲ್ಲಾ ಇಳೀತದ ಅಂತ ಇಟ್ಟು ಆಪ್ಷನ್ ಬೆಲೆ ಕಟ್ಟೋ ಲೆಕ್ಕ) ತನಕ ನೋಡು. ಅಷ್ಟ ನೋಡಿದ ಮ್ಯಾಲೂ ಹಸಿವು ಇತ್ತಂದ್ರ ಈ ದಾರಿ ನಿನ್ನದು.

ಆ್ಯಕ್ಚುವರಿ_ಅಕ್ಕ

ಯಾರೂ ಇನ್ಶೂರೆನ್ಸ್ ಕಡೆ ಹೇಳಲಿಲ್ಲ, ಅದಕ್ಕೆ ಬರೀತಿದೀನಿ. ನಾನು ಕುಂದಾಪುರದವಳು, ಈಗ ಮುಂಬೈಯಲ್ಲಿ ಲೈಫ್ ಇನ್ಶೂರೆನ್ಸ್ ಕಂಪನಿಯಲ್ಲಿ ಆ್ಯಕ್ಚುವರಿ. ಇದೂ ಫೈನಾನ್ಶಿಯಲ್ ಮ್ಯಾಥಮೆಟಿಕ್ಸೇ, ಆದ್ರೆ ಇಲ್ಲಿ ಆಪ್ಷನ್ ಬದಲು ಮನುಷ್ಯರ ಆಯಸ್ಸು. ಮೂವತ್ತು ವರ್ಷದವರೊಬ್ಬರು ಇವತ್ತು ಪಾಲಿಸಿ ತಗೊಂಡ್ರೆ ಇನ್ನು ನಲವತ್ತು ವರ್ಷ ಆದ್ಮೇಲೆ ಅವರ ಮನೆಯವರಿಗೆ ಕೊಡೋಕೆ ನಮ್ಮ ಹತ್ರ ದುಡ್ಡು ಇರಬೇಕು, ಅದಕ್ಕೆ ಇವತ್ತು ಎಷ್ಟು ಎತ್ತಿಡಬೇಕು ಅನ್ನೋದು ಲೆಕ್ಕ. ಬಡ್ಡಿ ಏರುತ್ತೆ ಇಳಿಯುತ್ತೆ, ಜನ ಅರ್ಧಕ್ಕೇ ಪಾಲಿಸಿ ಬಿಡ್ತಾರೆ, ಕೋವಿಡ್ ಥರದ್ದು ಬರುತ್ತೆ, ಎಲ್ಲ ಸೇರಿಸಿ.

ದೊಡ್ಡ ಅನುಕೂಲ ಏನಂದ್ರೆ ಇದು ಪರೀಕ್ಷೆಯ ದಾರಿ, ಯಾವ ಕಾಲೇಜು ಅನ್ನೋದಕ್ಕಿಂತ ಎಷ್ಟು ಪೇಪರ್ ಕ್ಲಿಯರ್ ಮಾಡಿದೀರಿ ಅಂತ ಕೇಳ್ತಾರೆ. ಇನ್‌ಸ್ಟಿಟ್ಯೂಟ್ ಆಫ್ ಆ್ಯಕ್ಚುವರೀಸ್ ಆಫ್ ಇಂಡಿಯಾದವರ ಎಸೆಟ್ ಅಂತ ಎಂಟ್ರೆನ್ಸ್, ಅದು ಆದ್ಮೇಲೆ ಹನ್ನೆರಡು ಹದಿಮೂರು ಪೇಪರ್. ಮ್ಯಾಥ್ಸ್ ಬಿಎಸ್ಸಿಯವರು ಸಿಎಸ್1 ಇಂದ ಶುರು ಮಾಡಿ, ಅದು ಸ್ಟ್ಯಾಟಿಸ್ಟಿಕ್ಸ್, ಜೊತೆಗೆ ಆರ್ ಪ್ರೋಗ್ರಾಮಿಂಗಲ್ಲೂ ಪರೀಕ್ಷೆ ಇದೆ. ಸಿಎಂ1 ಬಡ್ಡಿ ಮತ್ತೆ ಆಯಸ್ಸಿನ ಗಣಿತ. ಸಿಎಂ2ನಲ್ಲಿ ಮೇಲೆ ಸರ್ ಹೇಳಿದ ಬೈನಾಮಿಯಲ್ ಟ್ರೀ, ಆಪ್ಷನ್ ಬೆಲೆಯ ಬ್ಲ್ಯಾಕ್-ಶೋಲ್ಸ್ ಸೂತ್ರ ಎಲ್ಲ ಬರುತ್ತೆ. ಮೂರು ನಾಲ್ಕು ಪೇಪರ್ ಆದ್ಮೇಲೆ ಕೆಲಸಕ್ಕೆ ಸೇರಿ ಉಳಿದದ್ದು ಸಂಬಳ ತಗೊಂಡೇ ಬರೆಯೋರೇ ಜಾಸ್ತಿ, ನಾನೂ ಹಾಗೇ. ಬೆಂಗಳೂರಲ್ಲಿ ಸ್ವಿಸ್ ರೀ ಥರದ ರೀಇನ್ಶೂರೆನ್ಸ್ (ವಿಮಾ ಕಂಪನಿಗಳಿಗೇ ವಿಮೆ ಕೊಡೋ) ಕಂಪನಿಯೂ ಇದೆ. ಐಎಫ್‌ಆರ್‌ಎಸ್ 17 ಅಂತ ವಿಮೆಯ ಹೊಸ ಲೆಕ್ಕದ ನಿಯಮ 2023ರ ಜನವರಿಯಿಂದ ಹೊರಗಡೆ ಎಷ್ಟೋ ದೇಶದಲ್ಲಿ ಜಾರಿಗೆ ಬಂತು, ಅದರ ಕೆಲಸ ಇಲ್ಲಿಂದಲೂ ಬಹಳ ನಡೀತಿದೆ.

ಕಷ್ಟದ್ದೂ ಹೇಳಬೇಕು. ನನಗೆ ಎಲ್ಲ ಮುಗಿಸೋಕೆ ಒಂಬತ್ತು ವರ್ಷ ಆಯ್ತು. ಒಂದೇ ಪೇಪರಲ್ಲಿ ಮೂರು ಸಲ ಫೇಲಾದೆ, ಮಧ್ಯ ಮದುವೆ, ಮಗು. ಮಗಳಿಗೆ ಎಂಟು ತಿಂಗಳಿದ್ದಾಗ ರಾತ್ರಿ ಅವಳನ್ನ ಅಮ್ಮನ ಹತ್ರ ಮಲಗಿಸಿ ಓದಿದ್ದೇನೆ. ನಿಮ್ಮ ನೆಂಟರಿಗೆ ಹೇಳಿ, ನಮ್ಮ ಟೀಮಲ್ಲಿ ಹದಿನಾಲ್ಕು ಜನರಲ್ಲಿ ಎಂಟು ಹೆಣ್ಮಕ್ಕಳು.

ನದೀತೀರ_ಮಂಡ್ಯ

ನಾನು ಓದಿದೋನಲ್ಲ ಈ ಸಬ್ಜೆಕ್ಟ್, ಒಂದೇ ಒಂದು ಮಾತು. ಆಪ್ಷನ್ಸ್ ಓದ್ತೀನಿ ಅಂತ ಮೊಬೈಲಲ್ಲಿ ಎಫ್ ಆ್ಯಂಡ್ ಒ, ಅಂದ್ರೆ ಫ್ಯೂಚರ್ಸ್ ಆಪ್ಷನ್ಸ್ ಟ್ರೇಡಿಂಗ್ ಮಾತ್ರ ಶುರು ಮಾಡಬೇಡಮ್ಮ. ಎರಡು ವರ್ಷದಲ್ಲಿ ಹಸು ಮಾರಿದ ದುಡ್ಡೂ ಹೋಯ್ತು ನಂದು, ಮನೇಲಿ ಹೇಳೋಕೂ ಆಗದೆ ಒದ್ದಾಡಿದೀನಿ. ಆಮೇಲೆ ಷೇರು ಮಾರುಕಟ್ಟೆ ನೋಡ್ಕೊಳ್ಳೋ ಸೆಬಿಯ ವರದಿ ಪೇಪರಲ್ಲಿ ಬಂತು, 2022ರಿಂದ 2024ರ ತನಕ ಮೂರು ಹಣಕಾಸು ವರ್ಷದಲ್ಲಿ ನಮ್ಮಂಥ ಬಿಡಿ ಜನರಲ್ಲಿ ನೂರಕ್ಕೆ 93 ಜನ ಕಳ್ಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿಗೂ ಜಾಸ್ತಿ. ಎದುರುಗಡೆ ಕೂತಿರೋರು ಈ ಗಣಿತ ಓದಿರೋರು ಅಂತ ಆವಾಗ ಗೊತ್ತಿದ್ರೆ ಕೈ ಹಾಕ್ತಿರಲಿಲ್ಲ. ನೀನು ಓದೋ ಕಡೆಗೇ ಹೋಗು.

ಮಾಡೆಲ್_ಪರೀಕ್ಷೆ_ಬೆಂಗಳೂರು

@ನದೀತೀರ_ಮಂಡ್ಯ ಇದನ್ನ ಮುಚ್ಚಿಡದೆ ಬರೆದಿದ್ದಕ್ಕೆ ಧನ್ಯವಾದ ಅಣ್ಣ. ಓದಿದವರೂ ಬಿದ್ದಿದ್ದಾರೆ. 1997ರಲ್ಲಿ ಮರ್ಟನ್, ಶೋಲ್ಸ್ ಇಬ್ಬರಿಗೂ ಆಪ್ಷನ್ ಬೆಲೆಯ ಕೆಲಸಕ್ಕೇ ನೊಬೆಲ್ ಬಂತು, ಮರುವರ್ಷವೇ ಅವರಿಬ್ಬರೂ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅನ್ನೋ ಫಂಡ್ ಮುಳುಗೋ ಹಂತಕ್ಕೆ ಬಂದು ಹದಿನಾಲ್ಕು ಬ್ಯಾಂಕುಗಳು ಸುಮಾರು 3.6 ಬಿಲಿಯನ್ ಡಾಲರ್ ಹಾಕಿ ಎತ್ತಬೇಕಾಯ್ತು. ಸಾಲ ತಗೊಂಡು ಆಡಿದ ಆಟ ಅದು. ಸೂತ್ರ ತಪ್ಪಿರಲಿಲ್ಲ, ಎಲ್ಲ ಮಾರುಕಟ್ಟೆಗಳೂ ಒಟ್ಟಿಗೇ ಬೀಳಲ್ಲ ಅಂತ ನಂಬಿದ್ದು ತಪ್ಪಾಗಿತ್ತು.

ಮಂಜಿನೂರು_ಯುಕೆ

ಹೊರದೇಶದ ಬಗ್ಗೆ ನಾನು ಹೇಳ್ತೀನಿ, 2022ರಲ್ಲಿ ಇಂಗ್ಲೆಂಡಿನ ಉತ್ತರದ ಒಂದು ಯೂನಿವರ್ಸಿಟಿಲಿ ಎಂಎಸ್ಸಿ ಫೈನಾನ್ಶಿಯಲ್ ಮ್ಯಾಥಮೆಟಿಕ್ಸ್ ಮಾಡಿದೆ, ಊರು ಶಿವಮೊಗ್ಗ. ಕೋರ್ಸ್ ಒಂದೇ ವರ್ಷ. ಮೊದಲ ಸೆಮಿಸ್ಟರಲ್ಲಿ ಪ್ರಾಬಬಿಲಿಟಿ, ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್, ಎರಡನೇದರಲ್ಲಿ ಬಡ್ಡಿ ದರದ ಮಾಡೆಲ್‌ಗಳು, ಮಾಂಟೆ ಕಾರ್ಲೋ, ಸಿ++, ಬೇಸಿಗೆಯಲ್ಲಿ ಡಿಸರ್ಟೇಶನ್. ಓದಿಗೆ ನೂರಕ್ಕೆ ನೂರು ಮಾರ್ಕ್ಸ್ ಕೊಡ್ತೀನಿ, ಸ್ಟೊಕಾಸ್ಟಿಕ್ ಕ್ಯಾಲ್ಕುಲಸ್‌ನ ಮುಖ್ಯ ಸೂತ್ರ ಈಟೋ ಲೆಮ್ಮಾ ಅರ್ಥವಾದ ದಿನ ಹಾಸ್ಟೆಲ್ ಕಿಟಕಿ ಹತ್ರ ನಿಂತು ಅಮ್ಮಂಗೆ ಫೋನ್ ಮಾಡಿ ವಿವರಿಸಿದ್ದೆ, ಪಾಪ ಅವರಿಗೆ ಏನೂ ಅರ್ಥವಾಗದಿದ್ರೂ ಪೂರ್ತಿ ಕೇಳಿಸ್ಕೊಂಡ್ರು.

ಆದ್ರೆ ಒಂದು ವರ್ಷ ಅಂದ್ರೆ ಹೇಗೆ ಅಂದ್ರೆ, ಸೆಪ್ಟೆಂಬರಲ್ಲಿ ಬ್ಯಾಗ್ ಇಳಿಸ್ತೀರಿ, ಅಕ್ಟೋಬರಲ್ಲೇ ದೊಡ್ಡ ಬ್ಯಾಂಕುಗಳ ಮುಂದಿನ ವರ್ಷದ ಅರ್ಜಿ ಕೊನೆಯಾಗುತ್ತೆ, ನಿಮಗಿನ್ನೂ ಬಸ್ ಪಾಸೇ ಆಗಿರಲ್ಲ. ನನಗೆ ಅದು ಯಾರೂ ಮೊದಲೇ ಹೇಳಿರಲಿಲ್ಲ. ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಹುಡುಕೋಕೆ ಕೊಡೋ ಗ್ರಾಜುಯೇಟ್ ರೂಟ್ ವೀಸಾ ಎರಡು ವರ್ಷ ಸಿಕ್ತು, ಅದನ್ನೂ ಈಗ 18 ತಿಂಗಳಿಗೆ ಇಳಿಸ್ತಿದ್ದಾರೆ. ಇಂಟರ್‌ವ್ಯೂ ಪಾಸಾಗಿ ವೀಸಾ ಸ್ಪಾನ್ಸರ್ ಮಾಡಲ್ಲ ಅಂದಿದ್ದು ನಾಲ್ಕು ಕಡೆ. ಹತ್ತನೇ ತಿಂಗಳಿಗೆ ಒಂದು ಎನರ್ಜಿ ಕಂಪನಿಲಿ ಸಿಕ್ತು, ಗ್ಯಾಸ್ ಮತ್ತೆ ವಿದ್ಯುತ್ ಬೆಲೆಯ ರಿಸ್ಕ್. ಆ ಹತ್ತು ತಿಂಗಳು ಸಾಲದ ಬಡ್ಡಿ ಅಪ್ಪ ಕಟ್ಟಿದ್ರು, ಅದು ಇವತ್ತಿಗೂ ಮನಸ್ಸಲ್ಲಿ ಕೂತಿದೆ. ತೋಟ ಅಡ ಇಟ್ಟು ಬರಬೇಡಿ ತಂಗಿ. ನಮ್ಮ ದೇಶದಲ್ಲೇ ಎಂಎಸ್ಸಿ ಮಾಡಿ, ಎರಡು ಮೂರು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿ, ಆಮೇಲೂ ಬೇಕು ಅನ್ಸಿದ್ರೆ ಬನ್ನಿ. ಅನುಭವ ಇರೋರಿಗೆ ಇಲ್ಲಿ ಬಾಗಿಲು ಬೇರೆ ಥರ ತೆರೆಯುತ್ತೆ.

ಕಾಫಿಹೂ_ಸಕಲೇಶಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪ ಅಮ್ಮ ಇಬ್ರಿಗೂ ಓದಿ ಹೇಳಿದೆ, ಅಕ್ಕನ ಮಾತು ಕೇಳಿ ಅಮ್ಮ ಕಣ್ಣು ಒರೆಸ್ಕೊಂಡ್ರು. ಜ್ಯಾಮ್ ಮತ್ತೆ ಐಎಸ್‌ಐ ಎರಡೂ ಬರೀತೀನಿ, ಸರ್ ಹೇಳಿದ ವಿಡಿಯೋಗಳಲ್ಲಿ ಬೈನಾಮಿಯಲ್ ಟ್ರೀ ತನಕ ಬಂದಿದೀನಿ. ನಿನ್ನೆ ರಾತ್ರಿ ಅಪ್ಪನ ಜೊತೆ ಕೂತು ಒಂದು ಲೆಕ್ಕ ಮಾಡಿದೆ, ಸರಿ ಇದೆಯಾ ನೋಡಿ. ಕಾಫಿ ಇವತ್ತು ಕೆಜಿಗೆ 200 ಅಂತ ಇಟ್ಕೊಳ್ಳಿ. ಮೂರು ತಿಂಗಳಿಗೆ ಒಂದೋ 240 ಆಗುತ್ತೆ ಇಲ್ಲಾ 160. ಏನೇ ಆದ್ರೂ 200ಕ್ಕೆ ಮಾರೋ ಹಕ್ಕು ನಮಗೆ ಬೇಕು, ಅಂದ್ರೆ ಪುಟ್ ಆಪ್ಷನ್. 160 ಆದ್ರೆ ಅದರಿಂದ 40 ಸಿಗುತ್ತೆ, 240 ಆದ್ರೆ ಏನೂ ಇಲ್ಲ. ಅಪ್ಪನ ಅನುಭವದಲ್ಲಿ ಈ ಸಲ ಬ್ರೆಜಿಲಲ್ಲಿ ಫಸಲು ಕಮ್ಮಿ, ನೂರಕ್ಕೆ 70 ಪಾಲು ರೇಟ್ ಏರುತ್ತೆ. ಹಾಗಾದ್ರೆ 30 ಪಾಲು 40, ಅಂದ್ರೆ ಆ ಹಕ್ಕಿಗೆ 12 ರೂಪಾಯಿ ಬೆಲೆ. ಆದ್ರೆ ವಿಡಿಯೋದ ಸೂತ್ರ ಹಾಕಿದ್ರೆ 20 ಬರ್ತಿದೆ. ಅಪ್ಪನ 70 ಸೂತ್ರದಲ್ಲಿ ಎಲ್ಲೂ ಬರ್ತಾನೇ ಇಲ್ಲ! ಅಪ್ಪ ಕೇಳ್ತಿದ್ದಾರೆ, ಮೂವತ್ತು ವರ್ಷ ಕಾಫಿ ಬೆಳೆದವನ ಅಂದಾಜಿಗೆ ಲೆಕ್ಕದಲ್ಲಿ ಜಾಗ ಇಲ್ವಾ ಅಂತ.

ಮಾಡೆಲ್_ಪರೀಕ್ಷೆ_ಬೆಂಗಳೂರು

20 ಸರಿ. ನಿಮ್ಮ ತಂದೆಯವರು ಕೇಳಿದ್ದು ಈ ಸಬ್ಜೆಕ್ಟಿನ ಅತಿ ಮುಖ್ಯ ಪ್ರಶ್ನೆ, ಹೆಚ್ಚಿನವರು ಎರಡು ವರ್ಷ ಓದಿಯೂ ಕೇಳಲ್ಲ.

ಈಗ ಆ ಹಕ್ಕನ್ನ ನಿಮಗೆ ಮಾರೋನ ಜಾಗದಲ್ಲಿ ಕೂತು ನೋಡಿ. ನಿಮ್ಮಿಂದ 20 ತಗೊಂಡ, ಕೂಡಲೇ ಅರ್ಧ ಕೆಜಿ ಕಾಫಿ ಫ್ಯೂಚರ್ಸಲ್ಲಿ 200ರ ರೇಟಿಗೆ ಮಾರಿಟ್ಟ (ಬಡ್ಡಿ ಸೊನ್ನೆ ಅಂತ ಇಟ್ಕೊಳ್ಳೋಣ). ರೇಟ್ 160ಕ್ಕೆ ಬಿದ್ರೆ ಫ್ಯೂಚರ್ಸಲ್ಲಿ ಅವನಿಗೆ 20 ಲಾಭ, ನಿಮ್ಮ 20 ಸೇರಿ 40, ಅದನ್ನೇ ನಿಮಗೆ ಕೊಡ್ತಾನೆ. 240 ಆದ್ರೆ ಫ್ಯೂಚರ್ಸಲ್ಲಿ 20 ನಷ್ಟ, ನೀವು ಕೊಟ್ಟ 20 ಅದಕ್ಕೆ ಹೋಯ್ತು, ನಿಮಗೆ ಕೊಡೋದು ಏನಿಲ್ಲ. ಎರಡರಲ್ಲೂ ಅವನ ಕೈ ಸಮ. ಏರುತ್ತೋ ಇಳಿಯುತ್ತೋ ಅನ್ನೋ ಚಿಂತೆಯೇ ಅವನಿಗೆ ಬೇಕಿಲ್ಲ. 12ಕ್ಕೆ ಮಾರಿದ್ರೆ ಎರಡು ಕಡೆಯೂ 8 ರೂಪಾಯಿ ಕಳ್ಕೊಳ್ತಾನೆ, ಅದಕ್ಕೆ ಆ ಬೆಲೆಗೆ ಯಾರೂ ಕೊಡಲ್ಲ. ಇದನ್ನೇ 1973ರಲ್ಲಿ ಬ್ಲ್ಯಾಕ್, ಶೋಲ್ಸ್, ಮರ್ಟನ್ ಸಣ್ಣ ಸಣ್ಣ ಹೆಜ್ಜೆಗಳಿಗೆ ಬಿಡಿಸಿ ತೋರಿಸಿದ್ದು.

ತಂದೆಯವರ 70ಕ್ಕೆ ಜಾಗ ಇದೆ, ಬೆಲೆ ಕಟ್ಟೋದರಲ್ಲಿ ಅಲ್ಲ, ಕೊಳ್ಳಬೇಕಾ ಬೇಡವಾ ಅನ್ನೋದರಲ್ಲಿ. ಅಂದಾಜಿನ ಮೇಲೆ ಅಷ್ಟು ನಂಬಿಕೆ ಇದ್ರೆ 20 ಕೊಡದೆ ಕಾಯಬಹುದು, ಫೀಸ್ ಕಟ್ಟೋ ವರ್ಷ ಆದ್ರೆ 20 ಕೊಟ್ಟು ನೆಮ್ಮದಿಯಾಗಿ ಮಲಗಬಹುದು. ಇನ್ನು ಲಂಡನ್ನಿನ ಒಂದು ರೋಬಸ್ಟಾ ಲಾಟ್ ಅಂದ್ರೆ 10 ಟನ್, ಆರು ಎಕರೆಯವರು ಒಬ್ಬರೇ ಅಲ್ಲಿಗೆ ಹೋಗೋ ಹಾಗಿಲ್ಲ. ಸುತ್ತಲಿನ ಬೆಳೆಗಾರರು ಸೇರಿದ್ರೆ ಲೆಕ್ಕ ಹೇಗೆ ಬದಲಾಗುತ್ತೆ, ಡಾಲರ್ ರೇಟ್ ಅಲ್ಲಾಡಿದ್ರೆ ಏನಾಗುತ್ತೆ, ಇದನ್ನ ಎಂಎಸ್ಸಿ ಪ್ರಾಜೆಕ್ಟಿಗೆ ಇಟ್ಕೊಳ್ಳಿ. ಈ ವಾರ ಅದೇ ಲೆಕ್ಕ ಎರಡು ಹೆಜ್ಜೆ ಮಾಡಿ: ಮೊದಲ ಹೆಜ್ಜೇಲಿ 220 ಅಥವಾ 180, ಎರಡನೇದರಲ್ಲಿ ಮತ್ತೆ 20 ಏರೋದು ಇಲ್ಲಾ ಇಳಿಯೋದು. ಉತ್ತರ 10 ಬರಬೇಕು. ಮಧ್ಯದಲ್ಲಿ ಮಾರಿಟ್ಟ ಅರ್ಧ ಕೆಜಿಯನ್ನ ಬದಲಾಯಿಸಬೇಕಾಗುತ್ತೆ, ಎಷ್ಟಕ್ಕೆ ಅಂತ ಬರೆದು ಹಾಕಿ.

ಕಾಫಿಹೂ_ಸಕಲೇಶಪುರ

ರೇಟ್ 180ಕ್ಕೆ ಇಳಿದಿದ್ರೆ ಪೂರ್ತಿ ಒಂದು ಕೆಜಿ ಮಾರಿಟ್ಟಿರಬೇಕು, 220ಕ್ಕೆ ಏರಿದ್ರೆ ಸೊನ್ನೆ, ಇದ್ದ ಅರ್ಧ ಕೆಜಿಯನ್ನ ವಾಪಸ್ ಕೊಂಡು ಬಿಡಬೇಕು. ಉತ್ತರ 10 ಬಂತು ಸರ್. ಅಪ್ಪ ಈಗ ಮೂರು ಹೆಜ್ಜೆ ಮಾಡು ಅಂತಿದ್ದಾರೆ.